ಅಪ್ಪನ ಎಡೆ

ಕಂದಾಯ ಇಲಾಖೆಯವರಿಗೆ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯವರಿಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದ ನಮ್ಮಪ್ಪ ಈ ಚತುಷ್ಟಯಕ್ಕೇ ಪ್ರದಕ್ಷಿಣೆ ಹಾಕುತ್ತ, ಹೊರಗಿನ ಲೋಕದ ಗಾಳಿ ಸೋಕಿಸಿಕೊಳ್ಳದೆ ನಿವೃತ್ತನಾದವನು. ಹಾಗಾಗಿ ಅವನನ್ನು ನೆನೆಯಬೇಕೆಂದರೆ ನನಗೆ ಒಂದೂರು ಸಾಲದು, ನಾಲ್ಕಕ್ಕೂ ಬಸ್ಸು ಹಿಡಿಯಬೇಕು. ನಿಮಗೇನೂ ಅವಸರವಿಲ್ಲವಲ್ಲ?

ಮಧುಗಿರಿಯಲ್ಲಿದ್ದಾಗ ಮನೆಗೆ ಬಂದ ನೆಂಟರಿಗೆಲ್ಲ ಅಪ್ಪ ಏಕಶಿಲಾ ಬೆಟ್ಟ ತೋರಿಸಿ, ‘ಏಷ್ಯಾಕ್ಕೇ ಎರಡನೇದು’ ಎಂದು ತಾನೇ ಕಡೆದು ನಿಲ್ಲಿಸಿದವನಂತೆ ಬೀಗುತ್ತಿದ್ದ. ಹತ್ತೋಣ ಬನ್ನಿ ಅಂದರೆ ಮಾತ್ರ ಮಂಡಿ ಹಿಡಿದುಕೊಳ್ಳುತ್ತಿದ್ದ. ಕೊರಟಗೆರೆಯಲ್ಲಿದ್ದಷ್ಟು ಕಾಲ ಗೊರವನಹಳ್ಳಿ ಮಹಾಲಕ್ಷ್ಮಿಗೆ ತಪ್ಪದೆ ನಡೆದುಕೊಂಡ. ಅಮ್ಮನವರು ಸಂಬಳದ ವಿಚಾರದಲ್ಲಿ ಸರ್ಕಾರದ ಆಡಳಿತಕ್ಕೆ ಕೈಹಾಕಲಿಲ್ಲ. ಪಾವಗಡಕ್ಕೆ ವರ್ಗವಾದಾಗ ಅಜ್ಜಿ ‘ಶನಿ ಹಿಡೀತು’ ಎಂದು ಹಣೆ ಚಚ್ಚಿಕೊಂಡಳು. ಆ ಊರ ಶನಿಮಹಾತ್ಮನ ಗುಡಿಗೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ, ನಮಗೆ ನಡೆದು ಹೋಗುವಷ್ಟು ಹತ್ತಿರ, ಇದಕ್ಕಿಂತ ಭಾಗ್ಯ ಉಂಟೇ ಎಂದು ಅಪ್ಪ ಸಮಾಧಾನ ಹೇಳಿದ. ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕದು. ಅಲ್ಲಿ ಅಪ್ಪ ಕಲಿತ ತೆಲುಗನ್ನು ಪೂರ್ತಿಯಾಗಿ ನಮ್ಮನ್ನು ಬೈಯುವುದಕ್ಕೇ ವಿನಿಯೋಗಿಸಿದ. ಅವನು ದಿನಾ ಶಪಿಸುತ್ತಿದ್ದ ಆ ಬಿಸಿಲನ್ನು ಈಗ ತಿರುಮಣಿ ಸುತ್ತಿನ 13,000 ಎಕರೆಯಲ್ಲಿ ಗಾಜು ಹಾಸಿ ಹಿಡಿದು 2,050 ಮೆಗಾವಾಟ್ ಕರೆಂಟು ಮಾಡುತ್ತಾರೆ. ಶಾಪವೂ ಒಮ್ಮೊಮ್ಮೆ ಫಲಿಸುವುದು ಹೀಗೇ ಇರಬೇಕು.

ಶಿರಾದಲ್ಲಿದ್ದಾಗಿನದೊಂದು ಹೇಳಿಬಿಡುತ್ತೇನೆ. ಕಗ್ಗಲಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ಮನೆಗೆ ಬಂದ ಮಗಳೆಂದೇ ನೋಡಿಕೊಳ್ಳುತ್ತಾರೆ. ಅಪ್ಪ ನಮ್ಮನ್ನು ಮರದಡಿ ನಿಲ್ಲಿಸಿ, ಈ ಜಾತಿಯಲ್ಲಿ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ, ಎರಡೂ ಮರಿಗೆ ಗುಟುಕು ಕೊಡುತ್ತವೆ ಎಂದು ಪಾಠ ಶುರುಮಾಡಿದ. ಸೊಂಟದಲ್ಲಿ ತಂಗಿಯನ್ನೂ ಕೈಯಲ್ಲಿ ಬುತ್ತಿಯ ಚೀಲವನ್ನೂ ಹೊತ್ತಿದ್ದ ಅಮ್ಮ ‘ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ ಮೇಷ್ಟ್ರೇ’ ಅಂದಳು. ಪಕ್ಷಿಶಾಸ್ತ್ರ ಅಲ್ಲಿಗೆ ಪರಿಸಮಾಪ್ತಿ.

ಇಂಥ ಅಪ್ಪನಿಗೆ ಈಗ ಭಾದ್ರಪದ ಬಹುಳ ಅಮಾವಾಸ್ಯೆಯ ದಿನ ಎಡೆ ಇಡುತ್ತೇವೆ. ಬಂಗಾರವನ್ನಷ್ಟೇ ದಾನಮಾಡಿದ ಕರ್ಣನಿಗೆ ಸ್ವರ್ಗದಲ್ಲಿ ಊಟಕ್ಕೂ ಬಂಗಾರವನ್ನೇ ಬಡಿಸಿದರಂತೆ. ಅನ್ನದಾನ ಮಾಡಿಬರಲು ಅವನು ಭೂಮಿಗೆ ಇಳಿದ ಹದಿನೈದು ದಿನವೇ ಪಿತೃಪಕ್ಷ. ‘ಗಳಿಕೆ ರಜೆ ಮೇಲೆ ಬಂದಿದ್ದ’ ಎಂದು ಅಪ್ಪ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದ. ಈಗ ಆ ರಜೆ ಅವನಿಗೂ ಮಂಜೂರಾಗಿದೆ. ಫೋಟೋದ ಮುಂದೆ ಹೊಸ ಪಂಚೆ, ಟವೆಲ್ಲು, ಬಾಳೆ ಎಲೆಯ ತುಂಬ ಮುದ್ದೆ, ಬಾಡಿನ ಸಾರು, ತುಪ್ಪ ಸುರಿದ ಒಬ್ಬಟ್ಟು, ಕಜ್ಜಾಯ, ಚಕ್ಕುಲಿ. ‘ತಾತಂಗೆ ಶುಗರ್ ಅಲ್ವಾ?’ ಎಂದು ಮಗಳು ಕೇಳುತ್ತಾಳೆ. ಬದುಕಿದ್ದಾಗ ಒಬ್ಬಟ್ಟಿನ ಡಬ್ಬಿಯನ್ನು ಅವನ ಕೈಗೆಟುಕದ ಅಟ್ಟಕ್ಕೇರಿಸುತ್ತಿದ್ದ ನನ್ನ ಹೆಂಡತಿ ಈಗ ಇನ್ನೊಂದು ಮಿಳ್ಳೆ ತುಪ್ಪ ಹಾಕುತ್ತಾಳೆ. ಎಲೆಯ ತುದಿಯಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಅಪ್ಪ ಹಿತ್ತಿಲಲ್ಲಿ ಬೀಡಿ ಸೇದುತ್ತಿದ್ದುದು ಅಮ್ಮನಿಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದ. ತನಗೆ ಗೊತ್ತಿರುವುದು ಅವನಿಗೆ ತಿಳಿಯದಂತೆ ಅಮ್ಮ ಜೀವಮಾನವೆಲ್ಲ ನೋಡಿಕೊಂಡಳು. ಆ ಕಟ್ಟನ್ನು ಅಲ್ಲಿಡುವವಳು ಅವಳೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಆಮೇಲೆ ಧೂಪ ಹಾಕಿ, ಹಿರಿಯರು ನಾಚದೆ ಉಣ್ಣಲೆಂದು ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ಹಸಿದುಕೊಂಡು ಕೂರುತ್ತೇವೆ.

ನನ್ನ ಮಗ ಬೆಂಗಳೂರಲ್ಲಿ ಓದುವವನು. ಅವನ ಪಂಚಾಂಗದಲ್ಲಿ ಅಪ್ಪಂದಿರ ದಿನ ಬರುವುದು ಜೂನ್ ತಿಂಗಳ ಮೂರನೇ ಭಾನುವಾರ. ಅದನ್ನೂ ನಾನು ಹಳಿಯುವವನಲ್ಲ. ಅಮೆರಿಕದ ಸ್ಪೋಕೇನ್ ಊರಿನಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳು, ಹೆಂಡತಿ ಸತ್ತ ಮೇಲೆ ಆರು ಮಕ್ಕಳನ್ನೂ ಒಬ್ಬನೇ ಸಾಕಿದ ತನ್ನ ಸಿಪಾಯಿ ಅಪ್ಪನಿಗಾಗಿ 1910ರ ಜೂನ್ 19ರಂದು ಶುರುಮಾಡಿಸಿದ ಹಬ್ಬ ಅದು. ಅಲ್ಲಿನ ಸರ್ಕಾರ ಕಾಯಂ ಮಾಡಲು 1972ರವರೆಗೆ ಕಾಯಿಸಿತು. ಅಪ್ಪಂದಿರ ಕಡತ ಎಲ್ಲ ದೇಶದಲ್ಲೂ ಮೆಲ್ಲಗೇ ಸಾಗುತ್ತದೆ. ನಮ್ಮದೇನು ಕಮ್ಮಿ? ಮಹಾಲಯಕ್ಕೆ ಸರ್ಕಾರಿ ರಜೆಯೇನೋ ಇದೆ, ಆದರೆ 2023ರಲ್ಲಿ ಅದು ಎರಡನೇ ಶನಿವಾರ ಬಂತು, 2024ರಲ್ಲಿ ಗಾಂಧಿ ಜಯಂತಿಯ ದಿನ, 2025ರಲ್ಲಿ ಭಾನುವಾರ. ಬದುಕಿದ್ದಿದ್ದರೆ ಅಪ್ಪ ಶಿಕ್ಷಕರ ಸಂಘಕ್ಕೆ ಮನವಿ ಬರೆಯುತ್ತಿದ್ದ.

ಕಳೆದ ಜೂನಿನಲ್ಲಿ ಮಗ ಕೇಕು ತಂದು, ನನಗೆ ತೆಳ್ಳಗೊಂದು ಚೂರು ಕೊಟ್ಟು, ಉಳಿದದ್ದನ್ನು ತಂಗಿಯೊಂದಿಗೆ ಹಂಚಿಕೊಂಡು ತಿಂದು, ‘ಮುಂದೆ ನಿನ್ನ ಎಡೆಗೆ ಏನೇನಿಡಬೇಕು, ಈಗಲೇ ಹೇಳಿಬಿಡು’ ಅಂದ. ಪಿತೃಭಕ್ತಿ ಅಂದರೆ ಇದು. ನಾನೂ ಸಂಕೋಚಪಡದೆ ಮರಿಯ ತಲೆಕಾಲಿನ ಸಾರಿನಿಂದ ಹಿಡಿದು ಪಾವಗಡದ ಹುರಿದ ಕಡಲೆಕಾಯಿವರೆಗೆ ಬರೆಸಿದೆ. ಪಟ್ಟಿಯನ್ನು ನೋಡಿದ ಹೆಂಡತಿ ಅರ್ಧಕ್ಕರ್ಧ ಕೊಲೆಸ್ಟರಾಲ್ ಎಂದು ಹೊಡೆದುಹಾಕಿದಳು. ಆಗ ಇನ್ನು ನನಗೇನು ಭಯ, ಬರೆದದ್ದೆಲ್ಲ ಇರಲಿ ಎಂದು ವಾದಿಸಿದೆ. ಅಷ್ಟು ಧೈರ್ಯವಿದ್ದರೆ ಈಗಲೇ ಹಾಕುತ್ತೇನೆ, ಬಾಗಿಲು ಮುಚ್ಚಿಕೊಂಡು ತಿನ್ನಿ ಎಂದಳು. ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಮುಂದಿನ ಅಮಾವಾಸ್ಯೆಗೆ ನೀವೂ ಬನ್ನಿ. ಮುದ್ದೆ ನುಂಗಲು ಬಂದರೆ ಸಾಕು. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಿ ಒಂದು ಸಲ ಗಟ್ಟಿಯಾಗಿ ಕೆಮ್ಮಿ. ಅಪ್ಪನಿಗೆ ಬೀಡಿ ಆರಿಸಲು ಅಷ್ಟು ಹೊತ್ತು ಬೇಕು.