ಕೆಂಪು ಹರಳಿನ ಉಂಗುರ

ಕನ್ನಡದಲ್ಲಿ ಕೆಂಪು ಎಂಬುದು ಬಣ್ಣದ ಹೆಸರೂ ಹೌದು, ಮಾಣಿಕ್ಯದ ಹೆಸರೂ ಹೌದು. ಕೆಂಪಿನ ಓಲೆ ಎಂದರೆ ಅದರಲ್ಲಿ ಕೂರಿಸಿದ ಹರಳು ಯಾವುದೆಂದು ಯಾರೂ ಮತ್ತೆ ಕೇಳುವುದಿಲ್ಲ. ಉತ್ತಮಪಾಳಯದ ಒಂದು ಕಪ್ಪಿಲಿಯರ ಮನೆಯಲ್ಲಿ ಈ ಮಾತು ಇಂದಿಗೂ ಹಾಗೆಯೇ ಉಳಿದಿದೆ. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಕಂಬಂ ಕಣಿವೆಯಲ್ಲಿ ನೆಲೆಸಿದ ಈ ಒಕ್ಕಲು ಮಕ್ಕಳಿಗೆ ಶಾಲೆ, ಸಂತೆ, ಕಚೇರಿಗಳ ಭಾಷೆ ತಮಿಳು, ಮನೆಯೊಳಗಿನದು ಕನ್ನಡ. ಆ ಮನೆಯ ಅಜ್ಜಿ 'ನನ್ನ ಕೆಂಪು' ಎಂದಾಗಲೆಲ್ಲ ಆಕೆಯ ಕೈ ತನಗರಿವಿಲ್ಲದೆ ಬರಿದಾದ ಕಿವಿಯ ಕಡೆಗೆ ಹೋಗುತ್ತಿತ್ತು.

ಮದುವೆಯಲ್ಲಿ ಆಕೆಗೆ ಏಳು ಹರಳಿನ ಓಲೆಗಳನ್ನು ತೊಡಿಸಿದ್ದರು. ನಡುವೆ ಒಂದು ದೊಡ್ಡ ಹರಳು, ಸುತ್ತ ಆರು. ಒಂದು ಬೇಸಗೆಯಲ್ಲಿ ಬಾವಿಯನ್ನು ಆಳಗೊಳಿಸಬೇಕಾಗಿ ಬಂದು ಓಲೆಗಳನ್ನು ಮಾರಿದರು. ಚಿನ್ನ ಕೊಳ್ಳುವವನು ಹರಳಿಗೆ ಬೆಲೆ ಕಟ್ಟುವುದಿಲ್ಲ. ಅವನ್ನು ಕಿತ್ತು ತೆಗೆದು, ಉಳಿದ ಚಿನ್ನವನ್ನಷ್ಟೇ ತೂಗುತ್ತಾನೆ. ಹೀಗೆ ಕಿತ್ತ ಹದಿನಾಲ್ಕು ಹರಳುಗಳು ಕಾಗದದ ಪೊಟ್ಟಣದಲ್ಲಿ ಮನೆಗೆ ಮರಳಿದವು. ಯಾರಿಗೂ ಬೇಡವಾದದ್ದರಿಂದಲೇ ಅವು ಉಳಿದುಕೊಂಡವು. ಅಜ್ಜಿ ಅವನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ತಳದಲ್ಲಿಟ್ಟಳು.

ಮೊಮ್ಮಗಳು ರಸಾಯನಶಾಸ್ತ್ರದ ಅಧ್ಯಾಪಕಿ. ಅವಳಿಗೆ ಬೋಡಿನಾಯಕನೂರಿನ ಮನೆತನದ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ವರನೊಡನೆ ಸಂಬಂಧ ಕುದುರಿತು. ಹಿಂದೆಲ್ಲ ತಾಂಬೂಲ ಬದಲಿಸಿದರೆ ಮಾತು ಕೊಟ್ಟಂತೆ. ಉಂಗುರ ತೊಡಿಸುವುದು ಈಚಿನ ರೂಢಿ. ವಜ್ರವೇ ಆಗಬೇಕೆಂಬ ಹಟ ವರನಿಗೆ ಇರಲಿಲ್ಲ. ಬಣ್ಣದ ಹರಳು ಇರಲಿ, ಆಯ್ಕೆ ನಿನ್ನದೇ ಎಂದ. ಆದರೆ ಬಣ್ಣದ ಹರಳಿನ ಆಯ್ಕೆ ಒಬ್ಬರ ಕೈಯಲ್ಲಿ ಉಳಿಯುವಂಥದಲ್ಲ. ವರನ ತಾಯಿ ಜಾತಕ ತೋರಿಸಿದರು. ರಾಹುವಿಗೆ ಗೋಮೇಧಕ, ಕೇತುವಿಗೆ ವೈಡೂರ್ಯ, ಶನಿಗೆ ನೀಲ ಎಂಬ ಲೆಕ್ಕ ಹೊರಬಂತು. ರಾಹು ಕೇತುಗಳ ಪೂಜೆಗೆಂದೇ ಜನರು ಅರಸಿ ಬರುವ ತಿರುಕಾಳತ್ತೀಶ್ವರರ ಗುಡಿ ಉತ್ತಮಪಾಳಯದಲ್ಲೇ ಇರುವಾಗ, ಈ ಲೆಕ್ಕವನ್ನು ನಕ್ಕು ತಳ್ಳಿಹಾಕುವುದು ಆ ಊರಿನ ಹುಡುಗಿಗೆ ಸುಲಭವಲ್ಲ. ನೀಲವನ್ನಂತೂ ದಿಂಬಿನಡಿ ಇಟ್ಟು ಕನಸು ಕೆಡುವುದೋ ಎಂದು ನೋಡಿಯೇ ತೊಡುವವರಿದ್ದಾರೆ.

ಮಧುರೈಯ ಅಂಗಡಿಯೊಂದರಲ್ಲಿ ಅವಳು ಬಹಳ ಹೊತ್ತು ಕುಳಿತಳು. ಪಚ್ಚೆಯ ಹಸಿರು ಅವಳನ್ನು ಸೆಳೆಯಿತು. ಮಾಣಿಕ್ಯವನ್ನು ಕೆಂಪಾಗಿಸುವ ಕ್ರೋಮಿಯಮ್ಮೇ ಪಚ್ಚೆಯನ್ನು ಹಸಿರಾಗಿಸುತ್ತದೆ. ಧಾತು ಒಂದೇ, ಅದು ಹೊಕ್ಕ ಮನೆ ಬೇರೆ. ಇದು ಅವಳು ಪ್ರತಿವರ್ಷವೂ ತರಗತಿಯಲ್ಲಿ ಹೇಳುವ ಮಾತು. ಆದರೆ ಪಚ್ಚೆಯ ಒಡಲಲ್ಲಿ ಬಿರುಕುಗಳು ಹೆಚ್ಚು. ಅವನ್ನು ಮರೆಮಾಡಲು ಎಣ್ಣೆ ಊಡಿಸುವುದು ಹಳೆಯ ಪದ್ಧತಿ. ದಿನವೂ ಪಾತ್ರೆ ತೊಳೆಯುವ ಕೈಗೆ ಅದು ಒಗ್ಗದು. ಇನ್ನೊಂದು ತಟ್ಟೆಯಲ್ಲಿ ದೊಡ್ಡದೊಂದು ಮಾಣಿಕ್ಯ ನಂಬಲಾಗದಷ್ಟು ಅಗ್ಗದ ಬೆಲೆಗಿತ್ತು. ಬಿರುಕುಗಳಲ್ಲಿ ಸೀಸದ ಗಾಜನ್ನು ತುಂಬಿದ ಹರಳು ಅದು ಎಂಬುದನ್ನು ಕೇಳಿದ ಮೇಲಷ್ಟೇ ಹೇಳಿದರು. ಅಂಥ ಹರಳಿಗೆ ಅಕ್ಕಸಾಲಿಗನ ಬೆಂಕಿಯೂ ಆಗದು, ನಿಂಬೆರಸವೂ ಆಗದು. ಚಿತ್ರಾನ್ನ ಕಲಸಿದರೆ ಕೆಡುವ ಮಾಣಿಕ್ಯವನ್ನು ಕಟ್ಟಿಕೊಂಡು ಸಂಸಾರ ಮಾಡುವುದು ಹೇಗೆ?

ಅಜ್ಜಿಯ ಗಂಟು ಆಗ ನೆನಪಾಯಿತು. ಕೇಳಿದ್ದೇ ತಡ, ಅಜ್ಜಿ ಪೆಟ್ಟಿಗೆ ತೆಗೆಸಿ, ನಡುಹರಳುಗಳಲ್ಲಿ ಒಂದನ್ನು ಅಂಗೈಗಿಟ್ಟಳು. ಹಳೆಯ ಓಲೆಯ ಕಟ್ಟಿನಲ್ಲಿ ಹಿಂಬದಿ ಮುಚ್ಚಿರುತ್ತಿತ್ತು; ಹರಳಿನ ಕೆಳಗಿಟ್ಟ ತಗಡು ಬಣ್ಣಕ್ಕೆ ಹೊಳಪು ಕೊಡುತ್ತಿತ್ತು. ತಗಡಿಲ್ಲದೆಯೂ ಈ ಹರಳು ದಾಳಿಂಬೆಯ ಬೀಜದಂತೆ ಹೊಳೆಯಿತು. ಕೂರಿಸುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಆಚಾರಿ ಹೇಳಿದ.

ಪರೀಕ್ಷಕನ ಮಸೂರದಡಿಯಲ್ಲಿ ಹರಳಿನೊಳಗೆ ಗ್ರಾಮಫೋನ್ ತಟ್ಟೆಯ ಮೇಲಿರುವಂಥ ಬಾಗುಗೆರೆಗಳು ಕಂಡವು, ಒಂದೆರಡು ದುಂಡನೆಯ ಗಾಳಿಗುಳ್ಳೆಗಳೂ. ಭೂಮಿಯಲ್ಲಿ ಬೆಳೆದ ಮಾಣಿಕ್ಯದ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ, ಇಲ್ಲವೆ ಕೋನವಾಗಿ ತಿರುಗುತ್ತವೆ, ಬಾಗುವುದಿಲ್ಲ. ಇದು ಉರಿಯಲ್ಲಿ ಬೆಳೆದ ಹರಳು. ಫ್ರಾನ್ಸಿನ ಓಗ್ಯೂಸ್ತ್ ವೆರ್ನ್ಯೂಯ್ 1902ರಲ್ಲಿ ಪ್ರಕಟಿಸಿದ ವಿಧಾನ ಅದು. ಅಲ್ಯೂಮಿನಾ ಪುಡಿಯನ್ನು ಆಕ್ಸಿಜನ್ ಮತ್ತು ಹೈಡ್ರೋಜನ್‌ಗಳ ಜ್ವಾಲೆಯ ಮೂಲಕ ಉದುರಿಸಿ, ಕರಗಿದ ಹನಿಯ ಮೇಲೆ ಹನಿ ಕೂಡಿಸಿ ಮಾಣಿಕ್ಯದ ಗಡ್ಡೆಯನ್ನು ಬೆಳೆಸುತ್ತಾರೆ. ಅಜ್ಜಿಯ ಮದುವೆಯ ಹೊತ್ತಿಗೆ ಇಂಥವು ಲೋಕದ ಪೇಟೆಗಳಲ್ಲೆಲ್ಲ ಹರಡಿದ್ದವು. ಓಲೆ ಮಾಡಿದವನಿಗೆ ಇದು ತಿಳಿದಿತ್ತೋ ಇಲ್ಲವೋ, ಕೇಳಲು ಈಗ ಅವನಿಲ್ಲ.

ರಸಾಯನಶಾಸ್ತ್ರಕ್ಕೆ ಇಲ್ಲಿ ಪೇಚೇ ಇಲ್ಲ. ಎರಡೂ ಅಲ್ಯೂಮಿನಿಯಮ್ ಆಕ್ಸೈಡೇ, ಎರಡರ ಗಡಸುತನವೂ ಮೋಸ್ ಮಾನದಲ್ಲಿ 9. ಗಾಜು ತುಂಬಿದ ಹರಳಿಗಿಂತ ಇದು ಹೆಚ್ಚು ಬಾಳುತ್ತದೆ. ಪೇಚು ಬೀಗರ ಮನೆಯದು. ಮಾಣಿಕ್ಯವೆಂದು ಕೊಟ್ಟು ಮುಂದೊಂದು ದಿನ ಗೊತ್ತಾದರೆ ಹೆಣ್ಣಿನ ಕಡೆಯವರು ಮೋಸ ಮಾಡಿದರೆಂಬ ಮಾತು ಬರುತ್ತದೆ. ಈಗಲೇ ಹೇಳಿದರೆ ಅಜ್ಜಿಯ ಓಲೆ ಸುಳ್ಳಾಗಿತ್ತೆಂಬ ಮಾತು. ಸುಮ್ಮನಿರು, ಉಂಗುರವನ್ನು ಯಾರು ಮಸೂರ ಹಿಡಿದು ನೋಡುತ್ತಾರೆ ಎಂದು ಸೋದರಮಾವ ಹೇಳಿದ. ಲೋಕಾನುಭವದ ಮಾತೇ ಅದು. ಎರಡು ದಿನ ಅವಳು ಅದಕ್ಕೆ ಒಪ್ಪಿಯೂ ಇದ್ದಳು.

ಮೂರನೆಯ ದಿನ ವರನಿಗೆ ಫೋನು ಮಾಡಿ ಗೆರೆ, ಗುಳ್ಳೆ, ಜ್ವಾಲೆ ಎಲ್ಲವನ್ನೂ ಪಾಠ ಒಪ್ಪಿಸುವಂತೆ ಹೇಳಿದಳು. ಅವನು ಕೇಳಿದ ಪ್ರಶ್ನೆ ಒಂದೇ: ಅಜ್ಜಿಗೆ ಗೊತ್ತೇ? ಗೊತ್ತಿಲ್ಲ. ಹಾಗಾದರೆ ಅವರಿಗೆ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು, ಅಮ್ಮನಿಗೆ ನಾನು ಹೇಳುತ್ತೇನೆ ಎಂದ. ಅವನ ತಾಯಿ ಒಂದು ವಾರ ಈ ಮನೆಯವರೊಡನೆ ಮಾತನಾಡಲಿಲ್ಲ. ಆಮೇಲೆ ಹೇಳಿ ಕಳುಹಿಸಿದ್ದು ಇಷ್ಟು: ಮಾಡಿದ ಕಲ್ಲಿಗೆ ಗ್ರಹದ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ತೊಡಲಿ. ಜ್ಯೋತಿಷದಲ್ಲಿಯೂ ಇಂಥದೊಂದು ಬಾಗಿಲಿರುವುದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಅಜ್ಜಿಗೆ ಹೇಳಿದ್ದು ನಿಶ್ಚಿತಾರ್ಥದ ಮುನ್ನಾದಿನ. ಅಜ್ಜಿ ಉಂಗುರವನ್ನು ಹಿಂದುಮುಂದು ಹೊರಳಿಸಿ ನೋಡಿದಳು. ಈ ಕಟ್ಟಿನ ಹಿಂಬದಿ ತೆರೆದಿತ್ತು, ಬೆಳಕು ಹಾದುಹೋಗುತ್ತಿತ್ತು. "ಬೆಂಕಿಯಲ್ಲಿ ಮಾಡಿದ್ದೇ?" ಎಂದು ಕೇಳಿದಳು.

"ಹೌದು ಅಜ್ಜಿ."

"ಬಣ್ಣ ಬಿಡುವುದಿಲ್ಲವಷ್ಟೆ?"

"ಬಿಡುವುದಿಲ್ಲ."

ಉಳಿದ ಹದಿಮೂರು ಹರಳುಗಳನ್ನು ತಂದೆಯಾ ಎಂದು ಅಜ್ಜಿ ವಿಚಾರಿಸಿದಳು. ಎಣಿಸಿ ತೆಗೆದುಕೊಂಡು, ಅದೇ ಸೀರೆಯ ತುಂಡಿನಲ್ಲಿ ಮತ್ತೆ ಗಂಟು ಹಾಕಿದಳು. ಆಚಾರಿಯ ಚೀಟಿಯಲ್ಲಿ ಚಿನ್ನದ ತೂಕದ ಕೆಳಗೆ, ತಮಿಳಿನಲ್ಲಿ, ಹರಳು ಮನೆಯವರದು, ಕೃತಕ ಮಾಣಿಕ್ಯ, ಒಂದು ಎಂದು ಬರೆದಿತ್ತು.