ಪಾದಕ್ಕೆ ಹೇಳುವ ಮಾತು

ಬಾನಿಗೇರಿದ ಚೆಂಡನ್ನು ಹಿಂಬಾಲಿಸಿ ಓಡುವವನ ಕಣ್ಣು ಆಕಾಶದಲ್ಲಿರುತ್ತದೆ. ಅವನಿಗೆ ನೆಲದ ಪರಿವೆಯಿಲ್ಲ; ಎದುರಿಗಿರುವ ಗೋಡೆಯ ಪರಿವೆಯೂ ಇಲ್ಲ. ಅಂಥವನನ್ನು ಎಚ್ಚರಿಸುವುದೆಂತು? ಕೂಗಿದರೆ ಸಾವಿರಾರು ಜನರ ಗದ್ದಲದಲ್ಲಿ ಕೇಳಿಸದು, ಕೈಬೀಸಿದರೆ ಕಾಣಿಸದು. ಉಳಿದದ್ದು ಪಾದವೊಂದೇ.

ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ, ಸುತ್ತಣ ಗೋಡೆಗೆ ಹೊಂದಿಕೊಂಡಂತೆ, ಹುಲ್ಲಿಲ್ಲದ ಪಟ್ಟಿಯೊಂದುಂಟು. ಅಗಲ ಸುಮಾರು 15 ಅಡಿ. ಮಣ್ಣನ್ನೋ ಇಟ್ಟಿಗೆಯ ಪುಡಿಯನ್ನೋ ಹರಡಿ ಮಾಡಿದ್ದು. ಕ್ರಿಕೆಟ್ಟಿನ ಬೌಂಡರಿಯಂತೆ ಇದು ಆಟದ ಲೆಕ್ಕಕ್ಕೆ ಸೇರಿದ್ದಲ್ಲ. ಇದರ ಮೇಲೆ ನಿಂತೂ ಚೆಂಡು ಹಿಡಿಯಬಹುದು. ಇದರ ಕೆಲಸ ಒಂದೇ: ಮೆತ್ತನೆಯ ಹುಲ್ಲು ಮುಗಿದು ಕಾಲಡಿಯಲ್ಲಿ ಮಣ್ಣು ಗರಗರ ಎಂದೊಡನೆ, ಗೋಡೆ ಬಂದಿತೆಂದು ಪಾದಕ್ಕೆ ತಿಳಿಸುವುದು.

1923ರಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ ತೆರೆದಾಗ ಅದರ ಅಂಚಿನಲ್ಲಿ ಓಟದ ಪಂದ್ಯಗಳಿಗೆಂದು ಹಾದಿಯೊಂದಿತ್ತು. ಯಾರೂ ಹೇಳದೆಯೇ ಅದು ಈ ಕೆಲಸವನ್ನೂ ಮಾಡಿತು. ಆದರೂ ಅಂಥದೊಂದು ಪಟ್ಟಿ ಎಲ್ಲೆಡೆಯೂ ಇರಬೇಕೆಂಬ ನಿಯಮ ಬರಲು ಕಾಲು ಶತಮಾನ ಹಿಡಿಯಿತು. ಅಷ್ಟರಲ್ಲಿ ಒಬ್ಬನ ಬಾಳು ಗೋಡೆಗೆ ಬಡಿದಿತ್ತು.

ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪೀಟ್ ರೈಸರ್ 1941ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, .343ರ ಸರಾಸರಿಯಿಂದ ನ್ಯಾಷನಲ್ ಲೀಗಿನ ದಾಂಡಿಗರಲ್ಲೆಲ್ಲ ಮೊದಲಿಗನಾದ. ಮರುವರ್ಷ, ತಾನು ಹುಟ್ಟಿದ ಸೇಂಟ್ ಲೂಯಿಯಲ್ಲೇ, ಚೆಂಡಿನ ಬೆನ್ನುಹತ್ತಿ ಗೋಡೆಗೆ ಅಪ್ಪಳಿಸಿದ. ತಲೆಗೆ ಬಿದ್ದ ಪೆಟ್ಟು ಮಾಯುವ ಮೊದಲೇ ಆಟಕ್ಕಿಳಿದ. ಆ ವರ್ಷದ ಸರಾಸರಿ .310ಕ್ಕೆ ಇಳಿಯಿತು. 1947ರ ಜೂನ್‌ನಲ್ಲಿ, ತನ್ನ ತಂಡದ ಎಬೆಟ್ಸ್ ಫೀಲ್ಡಿನಲ್ಲಿ, ಮತ್ತೆ ಅದೇ ಓಟ, ಮತ್ತೆ ಕಾಂಕ್ರೀಟಿನ ಗೋಡೆ. ಈ ಸಲ ಪ್ರಜ್ಞೆ ತಪ್ಪಿದವನಿಗೆ ಪಾದ್ರಿಯೊಬ್ಬರು ಅಂತ್ಯಕಾಲದ ಪ್ರಾರ್ಥನೆಯನ್ನೂ ಸಲ್ಲಿಸಿದರು.

ರೈಸರ್ ಬದುಕಿದ. 1948ರಲ್ಲಿ ಆ ಗೋಡೆಗೆ ಮೆತ್ತೆ ಹೊದಿಸಿದರು. 1949ರಲ್ಲಿ ಪ್ರಮುಖ ಲೀಗುಗಳ ಮೈದಾನಗಳಿಗೆಲ್ಲ ಎಚ್ಚರಿಕೆಯ ಪಟ್ಟಿ ಕಡ್ಡಾಯವಾಯಿತು. 1952ರಲ್ಲಿ, ಮೂವತ್ಮೂರರ ವಯಸ್ಸಿಗೆ, ಅವನ ಆಟ ಮುಗಿದೇಹೋಯಿತು. ಪಟ್ಟಿ ಬಂದಾಗ ಅದು ಕಾಯಬೇಕಾಗಿದ್ದ ಆ ಹಳೆಯ ರೈಸರ್ ಉಳಿದಿರಲಿಲ್ಲ.

ಪಟ್ಟಿ ಮೊದಲೇ ಇದ್ದಿದ್ದರೆ ಅವನು ನಿಲ್ಲುತ್ತಿದ್ದನೇ? ಹೇಳಲಾಗದು. ಪಟ್ಟಿ ಯಾರ ತೋಳನ್ನೂ ಹಿಡಿದು ನಿಲ್ಲಿಸುವುದಿಲ್ಲ. ನಾಲ್ಕಾರು ಹೆಜ್ಜೆಗಳ ವ್ಯವಧಾನ ಕೊಡುತ್ತದೆ, ಅಷ್ಟೆ. ಓಡುವುದೋ ನಿಲ್ಲುವುದೋ ಓಡುವವನಿಗೇ ಬಿಟ್ಟದ್ದು. ಆದರೆ ಆ ನಾಲ್ಕಾರು ಹೆಜ್ಜೆಗಳನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.