ಅಕಿತಾ ನಾಯಿಯೂ ಆತಕೂರಿನ ಕಾಳಿಯೂ

ನಾಯಿಯು ಮನೆಯ ಒಕ್ಕಲಾಗಿರುವುದು ನಮ್ಮ ಸೀಮೆಗೆ ಹೊಸದೇನಲ್ಲ. ಮಾಗಡಿ, ಕನಕಪುರಗಳ ಕಾಡಂಚಿನ ಹಳ್ಳಿಗಳಲ್ಲಿ ಕುರಿಹಟ್ಟಿಯನ್ನು, ಚನ್ನಪಟ್ಟಣ, ರಾಮನಗರಗಳ ಸುತ್ತ ರಾಗಿಯ ಕಣವನ್ನೂ ಹುಳುಮನೆಯನ್ನೂ ಕಾಯ್ದು, ಮುದ್ದೆಯ ತುಣುಕೊಂದಕ್ಕೆ ತೃಪ್ತಿಪಟ್ಟು ಬಾಳಿದ ನಾಡನಾಯಿಗಳನ್ನು ಕಂಡೇ ನಾವು ಬೆಳೆದವರು. ಹೀಗಿರಲು, ರಾಮನಗರದ ನಮ್ಮ ಬಂಧುಗಳೊಬ್ಬರ ಮನೆಗೆ ಜಪಾನ್ ದೇಶದ ಅಕಿತಾ ಎಂಬ ತಳಿಯ ನಾಯಿಯೊಂದು ಬಂದುದು ಕೇರಿಗೆಲ್ಲ ಕೌತುಕದ ವಿಷಯವಾಯಿತು.

ಅದರ ರೂಪ ಗಂಭೀರವಾದುದು. ಅಗಲವಾದ ತಲೆ, ನಿಮಿರಿದ ಕಿವಿ, ಬೆನ್ನಿನ ಮೇಲೆ ಸುರುಳಿಯಾಗಿ ಕುಳಿತ ಬಾಲ, ಎರಡು ಪದರದ ದಟ್ಟವಾದ ತುಪ್ಪಳು. ಕಾರಣವಿಲ್ಲದೆ ಅದು ಬೊಗಳುವುದಿಲ್ಲ. ಬಂದವರ ಕಾಲನ್ನು ನೆಕ್ಕುವುದಿಲ್ಲ. ನಾನು ಹೋದಾಗಲೆಲ್ಲ ಎದ್ದು ನಿಂತು, ಮನೆಯ ಯಜಮಾನಿಯ ಮುಖವನ್ನು ಒಮ್ಮೆ ನೋಡಿ, ಆಕೆ ನಿಶ್ಚಿಂತೆಯಿಂದಿರುವುದನ್ನು ಅರಿತು ಮತ್ತೆ ಮಲಗುತ್ತಿತ್ತೇ ಹೊರತು ಸಲಿಗೆ ತೋರುತ್ತಿರಲಿಲ್ಲ. ಮನೆಯವರಲ್ಲಿ ಅಪಾರ ಮಮತೆ, ಅಪರಿಚಿತರಲ್ಲಿ ಬಿಗುಮಾನ, ಬೇರೆ ನಾಯಿಗಳ ವಿಷಯದಲ್ಲಿ ಅಸಹನೆ. ಇದೇ ಈ ತಳಿಯ ಸ್ವಭಾವ. ಹೇಳಿದ್ದನ್ನು ಗ್ರಹಿಸುವ ಬುದ್ಧಿಯುಂಟು. ಒಡನೆಯೇ ವಿಧೇಯವಾಗಬೇಕೆಂಬ ಆತುರವಿಲ್ಲ. ಮರಿಯಾಗಿದ್ದಾಗಲೇ ಜನರ ನಡುವೆ ಒಡನಾಡಿಸಿ, ಹೊಡೆಯದೆ, ಆದರೆ ದೃಢವಾಗಿ ತಿದ್ದಿ ಬೆಳೆಸಿದವರಿಗೆ ಮಾತ್ರ ಅದು ಒಳ್ಳೆಯ ಸಂಗಾತಿ.

ಉತ್ತರ ಜಪಾನಿನ ಹಿಮದ ಬೆಟ್ಟಗಳಲ್ಲಿ ಕರಡಿ, ಕಾಡುಹಂದಿಗಳ ಬೇಟೆಗೆ ಒದಗುತ್ತಿದ್ದ ಈ ತಳಿಯನ್ನು ಆ ದೇಶದ ಸರ್ಕಾರವು 1931ರಲ್ಲಿ ರಕ್ಷಣಾರ್ಹವಾದ ರಾಷ್ಟ್ರೀಯ ಸಂಪತ್ತೆಂದು ಸಾರಿತು. ಇದರ ಕೀರ್ತಿಯನ್ನು ಜಗತ್ತಿಗೆಲ್ಲ ಹರಡಿದುದು ಹಚಿಕೋ ಎಂಬ ಒಂದು ನಾಯಿ. ಅದರ ಒಡೆಯ ಉಯೆನೋ ಎಂಬ ಕೃಷಿವಿಜ್ಞಾನದ ಪ್ರಾಧ್ಯಾಪಕ 1925ರಲ್ಲಿ ಹಠಾತ್ತನೆ ತೀರಿಕೊಂಡ. ನಾಯಿಯಾದರೋ 1935ರ ಮಾರ್ಚ್ 8ರಂದು ತಾನು ಸಾಯುವವರೆಗೂ ಟೋಕಿಯೋ ನಗರದ ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಅವನ ಹಾದಿಯನ್ನು ಕಾಯಿತು. ಅದು ಬದುಕಿರುವಾಗಲೇ, 1934ರಲ್ಲಿ, ಅಲ್ಲಿ ಅದರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಆದರೆ ಪತ್ರಿಕೆಯೊಂದು ಅದರ ಕಥೆಯನ್ನು ಪ್ರಕಟಿಸುವ ಮುನ್ನ ಅದೇ ನಿಲ್ದಾಣದಲ್ಲಿ ಅದು ಬೈಗುಳವನ್ನೂ ಪೆಟ್ಟನ್ನೂ ಉಂಡಿತ್ತೆಂಬುದನ್ನು ನಾವು ಮರೆಯಬಾರದು.

ಶ್ವಾನನಿಷ್ಠೆಗೆ ಸ್ಮಾರಕವನ್ನೆತ್ತಿದವರು ಜಪಾನೀಯರು ಮಾತ್ರವಲ್ಲ. ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವನ್ನು ನೋಡಿರಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗನು ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಮಣಲೆರನು ಆತಕೂರಿನ ಶಿವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಅಲ್ಲಿಯ ಗೊರವನಿಗೆ ಕಟ್ಟು ಮಾಡಿದ. ನಾಯಿ ಹಂದಿಗಳ ಕಾಳಗವನ್ನು ಕಡೆದಿರುವ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕಾಲದಲ್ಲಿಯೂ, 2010ರಲ್ಲಿ, ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೇರೆಹಳ್ಳಿಯಲ್ಲಿ ನಾಯಿಗಳಿಗೆಂದೇ ಒಂದು ಗುಡಿ ಎದ್ದಿದೆ.

ಆದರೆ ಕಲ್ಲು ನೆಡುವುದು ಸುಲಭ. ಜೀವವಿರುವಾಗ ಸಾಕುವುದು ಕಷ್ಟ. ನಮ್ಮ ಬಂಧುಗಳ ಮನೆಯಲ್ಲಿ ಈ ಮಾತಿನ ಪರೀಕ್ಷೆ ನಡೆಯಿತು. ಬೇಸಿಗೆಯಲ್ಲಿ ರಾಮನಗರದ ಬಂಡೆಗಳು ಕಾದು ಕೆಂಡವಾದಾಗ, ಹಿಮಕ್ಕೆಂದು ಹುಟ್ಟಿದ ಆ ಪ್ರಾಣಿ ತೇಕುತ್ತ ನೆಲಕ್ಕೊರಗಿತು. ಉದುರಿದ ತುಪ್ಪಳು ಮನೆಯೆಲ್ಲ ಹರಡಿತು. ಯಾರಿಗಾದರೂ ಕೊಟ್ಟುಬಿಡೋಣವೆಂದು ಯಜಮಾನರು ಎಂದರು. ಆಗ ಮನೆಯ ಹಿರಿಯ ಅಜ್ಜಿ, “ಮಗಾ, ಅದು ಬಂದವರನ್ನೆಲ್ಲ ನಂಬುವ ನಾಯಿಯಲ್ಲ. ನಮ್ಮನ್ನು ನಂಬಿದೆ. ಇನ್ನೊಂದು ಮನೆಗೆ ಕಳಿಸಿದರೆ ಅದು ಯಾರ ಹಾದಿ ಕಾಯಬೇಕು?” ಎಂದರಂತೆ. ನಾಯಿ ಉಳಿಯಿತು. ಅಂದಿನಿಂದ ಸೂರ್ಯೋದಯಕ್ಕೆ ಮುನ್ನವೇ ಅದನ್ನು ಅಡ್ಡಾಡಿಸುತ್ತಾರೆ. ಹಗಲೆಲ್ಲ ತಣ್ಣನೆಯ ಒಳಕೋಣೆಯಲ್ಲಿರಿಸುತ್ತಾರೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಅಕಿತಾ ಸೇರಿದಂತೆ 23 ತಳಿಗಳನ್ನು ಅಪಾಯಕಾರಿಯೆಂದು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಿತು. ಸುತ್ತೋಲೆ ಇರಲಿ, ಬಿಡಲಿ, ಸಾಕುವವನ ಹೊಣೆ ತಪ್ಪದು. ಬೆಲೆ ಕೊಟ್ಟು ತರುವ ಮುನ್ನ ಆ ಪ್ರಾಣಿಯ ಗುಣವೇನು, ಅದಕ್ಕೆ ಒಗ್ಗುವ ಹವೆಯಾವುದು, ನಮ್ಮಲ್ಲಿ ಸಮಯವುಂಟೇ ಎಂದು ವಿಚಾರಿಸುವುದು ವಿವೇಕ. ಅದಾಗದವರಿಗೆ, ಈ ಮಣ್ಣಿನ ಬಿಸಿಲಿಗೆ ಒಗ್ಗಿದ ನಾಡನಾಯಿಗಳು ಬೀದಿಯಲ್ಲಿಯೇ ಒಡೆಯನಿಗಾಗಿ ಕಾದಿವೆ. ತಂದ ಮೇಲಂತೂ ಅದರ ಆಯುಷ್ಯವಿರುವವರೆಗೆ ನಾವು ಋಣಿಗಳು. ನಾಯಿಗೆ ನಿಷ್ಠೆಯನ್ನು ಯಾರೂ ಕಲಿಸಬೇಕಾಗಿಲ್ಲ; ಕಲಿಯಬೇಕಾದವರು ನಾವು.